ಹಿಂದಿನ ನೆರಿಗೆ, ಮುಂದಿನ ಕ್ಯಾಮೆರಾ: ಕೊಡಗಿನ ಗುರುತನ್ನು ಫೋಟೊಗಳು ಕಟ್ಟಿದ ಬಗೆ

2024ರ ಡಿಸೆಂಬರ್ ಕೊನೆಯಲ್ಲಿ ಕಟ್ಟೆಮಾಡು ಗ್ರಾಮದ ದೇವಸ್ಥಾನದ ಉತ್ಸವದಲ್ಲಿ ಉಡುಪಿನ ವಿಚಾರಕ್ಕೆ ಜಗಳ ಎದ್ದಿತು. ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟು ಬಂದ ಕೊಡವರಿಗೆ ದೇವಸ್ಥಾನದ ನಿಯಮ ತೋರಿಸಿ ಆಕ್ಷೇಪಿಸಲಾಯಿತು. ಮಾತಿಗೆ ಮಾತು ಬೆಳೆದು, ಒಂದೇ ಊರಿನಲ್ಲಿ ಅಕ್ಕಪಕ್ಕ ಬಾಳಿದ ಕೊಡವ ಮತ್ತು ಗೌಡ ಸಮುದಾಯಗಳ ನಡುವೆ ಬಿರುಕು ಬಿಟ್ಟಿತು. 2025ರ ಫೆಬ್ರುವರಿಯಲ್ಲಿ ಕೊಡವರು ಕುಟ್ಟದಿಂದ ಮಡಿಕೇರಿಯವರೆಗೆ ದೊಡ್ಡ ಸಂಖ್ಯೆಯಲ್ಲಿ ಪಾದಯಾತ್ರೆ ನಡೆಸಿದರು. ಆ ಮೆರವಣಿಗೆಯ ಚಿತ್ರಗಳಲ್ಲಿ ಎದ್ದು ಕಂಡದ್ದೂ ಅದೇ ಉಡುಪು: ಕಪ್ಪು ಕುಪ್ಯ ಎಂಬ ನಿಲುವಂಗಿ, ಕೆಂಪು ಚೇಲೆ ಎಂಬ ಸೊಂಟಪಟ್ಟಿ, ಸೊಂಟದಲ್ಲಿ ಪೀಚೆಕತ್ತಿ ಎಂಬ ಕಿರುಗತ್ತಿ.

ಇಂಥ ವಿವಾದ ಎದ್ದಾಗಲೆಲ್ಲ ಕೊಡಗಿನಲ್ಲಿ ಒಂದು ವಿದ್ಯಮಾನ ತಪ್ಪದೆ ನಡೆಯುತ್ತದೆ. ಹಳೆಯ ಫೋಟೊಗಳು ಹೊರಗೆ ಬರುತ್ತವೆ. ಅಜ್ಜನ ಕಾಲದ ಫೋಟೊ, ಬ್ರಿಟಿಷರ ಪುಸ್ತಕದಿಂದ ತೆಗೆದ ಫೋಟೊ, ಯಾವುದೋ ವಸ್ತುಸಂಗ್ರಹಾಲಯದ ಜಾಲತಾಣದಿಂದ ಇಳಿಸಿಕೊಂಡ ಫೋಟೊ. ಅವು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾರುತ್ತವೆ. ‘ನೋಡಿ, ನಾವು ಹೀಗಿದ್ದೆವು’ ಎಂದು ಒಬ್ಬರು. ‘ನಾವೂ ಹೀಗೇ ಇದ್ದೆವು’ ಎಂದು ಮತ್ತೊಬ್ಬರು. ಫೋಟೊ ಸಾಕ್ಷಿಕಟ್ಟೆ ಹತ್ತುತ್ತದೆ, ವಾದ ಅಲ್ಲಿಗೆ ಮುಗಿಯುತ್ತದೆ. ಆ ಫೋಟೊವನ್ನು ಯಾರು ತೆಗೆದರು, ಅದರಲ್ಲಿ ನಿಂತವರಿಗೆ ಹಾಗೆ ನಿಲ್ಲಲು ಯಾರು ಹೇಳಿದರು, ಚೌಕಟ್ಟಿನ ಹೊರಗೆ ಯಾರಿದ್ದರು ಎಂದು ಕೇಳುವವರು ಕಡಿಮೆ. ಕೊಡಗಿನ ಗುರುತಿನ ರಾಜಕಾರಣ ಅರ್ಥವಾಗಬೇಕಾದರೆ ಈ ಪ್ರಶ್ನೆಗಳನ್ನು ಕೇಳಲೇಬೇಕು ಎಂಬುದು ನನ್ನ ನಂಬಿಕೆ. ಹಾಗೆ ಕೇಳುವುದನ್ನು ಕಲಿಸಬಲ್ಲ ಕಲಾವಿದೆಯೊಬ್ಬರು ನಮ್ಮ ನಾಡಿನಲ್ಲೇ ಇದ್ದಾರೆ.

ಬೆಂಗಳೂರಿನಲ್ಲಿ 1956ರಲ್ಲಿ ಹುಟ್ಟಿದ ಎನ್. ಪುಷ್ಪಮಾಲಾ ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. 1990ರ ದಶಕದ ಮಧ್ಯಭಾಗದಿಂದ ಅವರು ಫೋಟೊಗಳತ್ತ ತಿರುಗಿದರು. ಸಾಮಾನ್ಯವಾಗಿ ಫೋಟೊಗ್ರಾಫರ್ ಕ್ಯಾಮೆರಾದ ಹಿಂದೆ ನಿಲ್ಲುತ್ತಾರೆ. ಪುಷ್ಪಮಾಲಾ ಮುಂದೆ ನಿಲ್ಲುತ್ತಾರೆ. ರಂಗಪರದೆ ಬರೆಸಿ, ಉಡುಪು ಹೊಲಿಸಿ, ಬಣ್ಣ ಹಚ್ಚಿಕೊಂಡು, ನಾವೆಲ್ಲ ಎಲ್ಲೋ ನೋಡಿದ ಚಿತ್ರವೊಂದನ್ನು ತಾವೇ ಪಾತ್ರವಾಗಿ ಮತ್ತೆ ಕಟ್ಟುತ್ತಾರೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಸ್ತ್ರೀಯರ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿದ್ದಾರೆ, ಬೆಳದಿಂಗಳಲ್ಲಿ ಕುಳಿತ ಸುಂದರಿಯಾಗಿದ್ದಾರೆ, ಪತ್ರಿಕೆಯಲ್ಲಿ ಅಚ್ಚಾದ ಪೊಲೀಸ್ ಫೋಟೊದ ಆರೋಪಿಯಾಗಿದ್ದಾರೆ. ಅದೇ ಸರಣಿಯಲ್ಲಿ, ವಸಾಹತು ಕಾಲದ ಮಾನವಶಾಸ್ತ್ರಜ್ಞರು ಬಳಸುತ್ತಿದ್ದಂಥ ಚೌಕುಳಿ ಪರದೆಯ ಮುಂದೆ ನಿಂತು, ಅಳತೆಯ ಉಪಕರಣಕ್ಕೆ ಮೈ ಒಡ್ಡಿದ ‘ಸ್ಥಳೀಯ ಹೆಣ್ಣೂ’ ಆಗಿದ್ದಾರೆ.

ಈ ಕೊನೆಯ ಚಿತ್ರಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ದೇವತೆಯನ್ನೂ ಆರೋಪಿಯನ್ನೂ ಅಳತೆಗೆ ಸಿಕ್ಕ ಹೆಂಗಸನ್ನೂ ಒಂದೇ ಮುಖದಲ್ಲಿ ನೋಡಿದಾಗ ಒಂದು ಸಂಗತಿ ಹೊಳೆಯುತ್ತದೆ. ಈ ಮೂರೂ ‘ಮಾದರಿ’ಗಳನ್ನು ಯಾರೋ ಕೂತು ರೂಪಿಸಿದ್ದಾರೆ. ಲಕ್ಷ್ಮಿ ಹೀಗೇ ಇರುತ್ತಾಳೆ ಎಂದು ತೀರ್ಮಾನಿಸಿದ್ದು ಒಂದು ಮುದ್ರಣಾಲಯ. ಅಪರಾಧಿ ಹೀಗೇ ಕಾಣುತ್ತಾಳೆ ಎಂದು ತೀರ್ಮಾನಿಸಿದ್ದು ಪೊಲೀಸ್ ಠಾಣೆ. ಬುಡಕಟ್ಟಿನ ಹೆಣ್ಣು ಹೀಗೇ ನಿಲ್ಲಬೇಕು ಎಂದದ್ದು ಸಾಮ್ರಾಜ್ಯದ ಕಚೇರಿ. 2014ರಲ್ಲಿ ಕೊಚ್ಚಿಯ ಕಲಾಮೇಳ ಬಿನಾಲೆಯಲ್ಲಿ ಪ್ರದರ್ಶಿಸಿದ ಸರಣಿಯಲ್ಲಿ ಪುಷ್ಪಮಾಲಾ ಗಡ್ಡ ಅಂಟಿಸಿಕೊಂಡು ವಾಸ್ಕೋ ಡ ಗಾಮಾ ಆದರು. ಅವರು ಮರುಕಟ್ಟಿದ್ದು ಪೋರ್ಚುಗಲ್ಲಿನ ಚಿತ್ರಕಾರನೊಬ್ಬ 1898ರಲ್ಲಿ ಬರೆದ ಚಿತ್ರವನ್ನು. ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ನಡುವೆ ನಾನೂರು ವರ್ಷಗಳ ಅಂತರವಿದ್ದರೂ ನಮ್ಮ ಮನಸ್ಸಿನಲ್ಲಿ ಆ ಕಲ್ಪನೆಯೇ ಚರಿತ್ರೆಯಾಗಿ ಕೂತಿದೆ. ಭಾರತಮಾತೆಯ ಸರಣಿಯಲ್ಲೂ ಅವರ ಹುಡುಕಾಟ ಇದೇ. ಅವನೀಂದ್ರನಾಥ ಟಾಗೋರ್ 1905ರಲ್ಲಿ ಬರೆದ ಕಾವಿಯುಟ್ಟ ಸಾಧ್ವಿಯಿಂದ ಹಿಡಿದು ಸಿಂಹವಾಹಿನಿಯವರೆಗೆ, ದೇಶಕ್ಕೆ ತಾಯಿಯ ಮೈ ಬಂದದ್ದು ಯಾವಾಗ, ಹೇಗೆ ಎಂದು ಅವರು ಮೈಯಲ್ಲೇ ಧರಿಸಿ ಕೇಳುತ್ತಾರೆ. ಪರದೆ ಪರದೆಯೆಂದು, ಕಿರೀಟ ರಟ್ಟಿನದೆಂದು ನೋಡುಗರಿಗೆ ಗೊತ್ತಾಗುವಂತೆ ಬಿಡುತ್ತಾರೆ. ಆ ಪ್ರಾಮಾಣಿಕತೆಯೇ ಅವರ ಕಲೆಯ ಜೀವಾಳ.

ಈಗ ಅದೇ ಕಣ್ಣಿನಿಂದ ಕೊಡಗಿನ ಚಿತ್ರಗಳನ್ನು ನೋಡೋಣ.

ಕೊಡಗಿನ ವೀರನ ಮೊದಲ ‘ಅಧಿಕೃತ’ ಚಿತ್ರ ಫೋಟೊಕ್ಕಿಂತ ಹಳೆಯದು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. 1837ರಲ್ಲಿ ಸುಳ್ಯ ಸೀಮೆಯಿಂದ ಮಂಗಳೂರಿನವರೆಗೆ ಕಂಪನಿಯ ವಿರುದ್ಧ ದಂಗೆ ಎದ್ದಿತು. ಅದನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಹಂಚಿತು. ಆ ಪದಕದ ಮೇಲೆ ಕೊಡಗಿನ ಯೋಧನೊಬ್ಬನ ಆಕೃತಿ ಇದೆ: ಒಂದು ಕೈಯಲ್ಲಿ ಕೋವಿ, ಮೇಲೆತ್ತಿದ ಇನ್ನೊಂದು ಕೈಯಲ್ಲಿ ಕತ್ತಿ, ಸುತ್ತ ಕನ್ನಡದ ಬರಹ. ಇಂದು ಪ್ರವಾಸೋದ್ಯಮದ ಫಲಕಗಳಲ್ಲಿ, ರೆಸಾರ್ಟ್ ಜಾಹೀರಾತುಗಳಲ್ಲಿ, ಕಾಫಿ ಪೊಟ್ಟಣಗಳ ಮೇಲೆ ಕಾಣುವ ‘ಕೊಡಗಿನ ವೀರ’ನಿಗೂ ಆ ಪದಕದ ಆಕೃತಿಗೂ ನಿಲುವಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಶೌರ್ಯ ಈ ಮಣ್ಣಿನದು, ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆ ಶೌರ್ಯಕ್ಕೆ ಒಂದು ಭಂಗಿ ಕೊಟ್ಟು, ಅಚ್ಚು ಹಾಕಿ, ನಿಷ್ಠೆಯ ಬಹುಮಾನವಾಗಿ ಕೈಗಿತ್ತದ್ದು ಕಂಪನಿ.

ಅದೇ ವರ್ಷದ ಇನ್ನೊಂದು ಘಟನೆಗೆ ಚಿತ್ರವೇ ಇಲ್ಲ. ದಂಗೆಯ ನಾಯಕರಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಬ್ರಿಟಿಷರು ಗಲ್ಲಿಗೇರಿಸಿದರು. ಪ್ಯಾರಿಸ್‌ನಲ್ಲಿ ದಾಗೇರ್ ಎಂಬಾತನ ಛಾಯಾಚಿತ್ರ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಎರಡು ವರ್ಷಗಳ ಅಂತರದಲ್ಲಿ ಅಪ್ಪಯ್ಯ ಗೌಡರ ಮುಖ ಕ್ಯಾಮೆರಾಕ್ಕೆ ತಪ್ಪಿತು. ಕ್ಯಾಮೆರಾ ಇದ್ದಿದ್ದರೂ ಅದು ಯಾರ ಕೈಯಲ್ಲಿರುತ್ತಿತ್ತು ಎಂಬುದು ಬೇರೆ ಮಾತು. ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಅದರ ಮುಖ ಶಿಲ್ಪಿಯ ಕಲ್ಪನೆ. ಆ ಕಲ್ಪನೆಗೆ ನಾನು ಕೈಮುಗಿಯುತ್ತೇನೆ, ಏಕೆಂದರೆ ಅಧಿಕಾರ ಉಳಿಸದ ಮುಖವನ್ನು ಜನ ಹೀಗೆ ತಾವೇ ಕಟ್ಟಿಕೊಳ್ಳಬೇಕಾಗುತ್ತದೆ. ಒಂದೇ ದಂಗೆಯಿಂದ ಎರಡು ಚಿತ್ರಗಳು ಹುಟ್ಟಿದವು. ಒಂದನ್ನು ಗೆದ್ದವರು ಲೋಹದಲ್ಲಿ ಅಚ್ಚೊತ್ತಿದರು. ಇನ್ನೊಂದನ್ನು ಸೋತವರ ಮರಿಮಕ್ಕಳು ತಲೆಮಾರುಗಳ ನಂತರ ನೆನಪಿನಿಂದ ಕೆತ್ತಿಸಿದರು. ಆ ದಂಗೆಯ ಎರಡೂ ಕಡೆ ಹಲವು ಸಮುದಾಯಗಳವರು ಇದ್ದರೆಂಬುದನ್ನು ಇವತ್ತಿನ ಜಗಳದ ಬಿಸಿಯಲ್ಲಿ ಮರೆಯಬಾರದು.

ಪದಚ್ಯುತ ರಾಜನ ಮಗಳು ಗೌರಮ್ಮನ ಕಥೆಯೂ ಇಲ್ಲಿ ಹೊಂದುತ್ತದೆ. 1852ರಲ್ಲಿ ತಂದೆಯೊಂದಿಗೆ ಇಂಗ್ಲೆಂಡಿಗೆ ಹೋದಾಗ ಅವಳಿಗೆ ಸುಮಾರು ಹನ್ನೊಂದು ವರ್ಷ. ಅದೇ ವರ್ಷ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿ, ತನ್ನ ಹೆಸರನ್ನೇ ಇಟ್ಟಳು. ಅರಮನೆಯ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ, ಮರೊಕೆಟ್ಟಿ ಅವಳ ಮುಖವನ್ನು ಅಮೃತಶಿಲೆಯಲ್ಲಿ ಕೆತ್ತಿದ. ಆ ಕಾಲದ ಕೊಡಗಿನ ಯಾವ ಹೆಣ್ಣಿಗೂ ಇಷ್ಟು ಚಿತ್ರಗಳಿಲ್ಲ. 1864ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಅವಳು ಏನನ್ನು ಬಯಸಿದ್ದಳು ಎಂಬುದನ್ನು ಮಾತ್ರ ಆ ಚಿತ್ರಗಳಲ್ಲಿ ಒಂದೂ ಹೇಳುವುದಿಲ್ಲ.

1857ರ ಬಂಡಾಯದ ನಂತರ ಬ್ರಿಟಿಷ್ ಆಡಳಿತ ಫೋಟೊವನ್ನು ಗಂಭೀರವಾಗಿ ಕೈಗೆತ್ತಿಕೊಂಡಿತು. ಭಾರತದ ಜನರನ್ನು ಜಾತಿ, ಬುಡಕಟ್ಟುಗಳಾಗಿ ವಿಂಗಡಿಸಿ ಫೋಟೊ ತೆಗೆಸಿ, 1868ರಿಂದ 1875ರ ನಡುವೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿತು. ಅದರಲ್ಲಿ ಬಹುಪಾಲು ಮಂದಿಗೆ ಹೆಸರಿಲ್ಲ. ಚಿತ್ರದ ಕೆಳಗೆ ಜಾತಿಯ ಹೆಸರು, ಊರು, ಗುಣಸ್ವಭಾವದ ಬಗ್ಗೆ ಒಂದು ತೀರ್ಪು. ಕೊಡಗಿನಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳು ಇಂಥದೇ ಕೆಲಸ ಮಾಡಿದರು. ಮಡಿಕೇರಿಯಲ್ಲಿದ್ದ ಜಿ. ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಹೊರತಂದರು. ಯಾವ ಜನಾಂಗ ಧೈರ್ಯಶಾಲಿ, ಯಾವುದು ಸೋಮಾರಿ, ಯಾವುದು ನಂಬಿಕಸ್ಥ ಎಂಬ ಅಂದಿನ ಬಿಳಿಯರ ತೀರ್ಪುಗಳು ಅಲ್ಲಿಂದಾಚೆ ಗೆಜೆಟಿಯರ್‌ಗಳಿಗೆ ಇಳಿದವು, ಗೆಜೆಟಿಯರ್‌ಗಳಿಂದ ಪಠ್ಯಪುಸ್ತಕಗಳಿಗೆ, ಅಲ್ಲಿಂದ ನಮ್ಮ ಬಾಯಿಗೆ. ನಮ್ಮ ಮನೆಗಳಲ್ಲಿ ‘ಅವರು ಹಾಗೆ, ನಾವು ಹೀಗೆ’ ಎಂದು ಆಡುವ ಎಷ್ಟೋ ಮಾತುಗಳ ಬೇರು ಆ ಪುಟಗಳಲ್ಲಿದೆ.

ಹಾಗೆಂದು ಎಲ್ಲ ಹಳೆಯ ಫೋಟೊಗಳೂ ಹೊರಗಿನವರು ಹೇರಿದವಲ್ಲ. ಕುಲದ ಮೂಲಮನೆಯಾದ ಯಾವುದಾದರೂ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಗೆ ಹೋಗಿ ನೋಡಿ. ಕುಲದ ಮೂಲಪುರುಷರಾದ ಗುರುಕಾರೋಣರನ್ನು ನೆನೆದು ದೀಪ ಇಡುವ ಆ ಜಾಗದಲ್ಲಿ, ಮೂರು-ನಾಲ್ಕು ತಲೆಮಾರಿನ ಹಿಂದಿನ ಹಿರಿಯರ ಫೋಟೊಗಳು ಸಾಲಾಗಿ ತೂಗುತ್ತಿರುತ್ತವೆ. ಒಬ್ಬ ಹಿರಿಯ ಸ್ಟುಡಿಯೊದ ಬಣ್ಣದ ಪರದೆಯ ಮುಂದೆ ನಿಂತಿದ್ದಾರೆ. ಪರದೆಯಲ್ಲಿ ಯುರೋಪಿನ ಉದ್ಯಾನ, ಕಂಬ, ಮೆಟ್ಟಿಲು. ಪಕ್ಕದಲ್ಲಿ ಸಣ್ಣ ಮೇಜು, ಅದರ ಮೇಲೆ ಹೂದಾನಿ. ಮೈಮೇಲೆ ಮೊಣಕಾಲು ದಾಟಿದ ಕಪ್ಪು ಕುಪ್ಯ, ಸೊಂಟಕ್ಕೆ ಬಿಗಿದ ಚೇಲೆ, ಮುಂಭಾಗದಲ್ಲಿ ಬೆಳ್ಳಿ ಕಟ್ಟಿದ ಪೀಚೆಕತ್ತಿ. ಪಕ್ಕದ ಫೋಟೊದಲ್ಲಿ ಅವರ ಮಡದಿ. ಉದ್ದ ತೋಳಿನ ರವಿಕೆ, ಬಲ ಭುಜದ ಮೇಲೆ ಸೆರಗು, ಕೊರಳಲ್ಲಿ ಜೋಮಾಲೆ, ಅದರ ಕೆಳಗೆ ಪತ್ತಾಕ್ ಎಂಬ ತೂಗುಪದಕ. ಪತ್ತಾಕ್‌ನ ನಡುವೆ ಕೂರಿಸಿದ ಚಿನ್ನದ ನಾಣ್ಯವನ್ನು ಹತ್ತಿರದಿಂದ ನೋಡಿದರೆ ಎಷ್ಟೋ ಕಡೆ ಬ್ರಿಟಿಷ್ ರಾಣಿಯ ಅಥವಾ ದೊರೆಯ ತಲೆ ಕಾಣುತ್ತದೆ. ಹೆಡೆಬಿಚ್ಚಿದ ನಾಗ ಮೇಲೆ, ಇಂಗ್ಲೆಂಡಿನ ಅರಸರು ಕೆಳಗೆ. ‘ಪರಂಪರೆ’ ಎಂದು ನಾವು ಕಣ್ಣಿಗೊತ್ತಿಕೊಳ್ಳುವ ಒಡವೆಯೊಳಗೇ ಸಾಮ್ರಾಜ್ಯದ ಚರಿತ್ರೆ ಕೂತಿದೆ, ಅದರಿಂದ ಆ ಒಡವೆಯ ಬೆಲೆ ಒಂದಿಷ್ಟೂ ಕಡಿಮೆಯಾಗಿಲ್ಲ.

ಈ ಫೋಟೊಗಳಲ್ಲಿ ಕಾಣದಿರುವುದು ನನಗೆ ಇನ್ನೂ ಮುಖ್ಯ. ಕೊಡವ ಉಡುಪಿನಲ್ಲಿ ಒಡಿಕತ್ತಿ ಇರುವುದು ಬೆನ್ನ ಹಿಂದೆ, ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ. ಹೆಣ್ಣುಮಕ್ಕಳ ಸೀರೆಯ ನೆರಿಗೆ ಇರುವುದೂ ಬೆನ್ನ ಹಿಂದೆ. ಆ ನೆರಿಗೆಗೆ ಒಂದು ಪುರಾಣವಿದೆ: ಅಗಸ್ತ್ಯನ ಮೇಲೆ ಮುನಿದು ನದಿಯಾಗಿ ಹರಿದ ಕಾವೇರಮ್ಮೆಯನ್ನು ಬಲಮುರಿಯಲ್ಲಿ ತಡೆಯಲು ಕೊಡವರು ನಿಂತಾಗ, ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ಕಥೆ. ಗುಡ್ಡ ಹತ್ತುವ, ಗದ್ದೆಯಲ್ಲಿ ದುಡಿಯುವ ಮೈಗೆ ಅದು ಅನುಕೂಲ ಎಂದು ವಿವರಿಸುವವರೂ ಇದ್ದಾರೆ. ಯಾವ ವಿವರಣೆಯೇ ಇರಲಿ, ಕೊಡವತನದ ಎರಡು ದೊಡ್ಡ ಗುರುತುಗಳು ಹಿಂಬದಿಯಲ್ಲಿವೆ. ಕ್ಯಾಮೆರಾ ನೋಡುವುದು ಮುಂಬದಿಯನ್ನು. ಸ್ಟುಡಿಯೊದವರು ‘ನೇರ ನೋಡಿ’ ಎಂದಾಗ ಬೆನ್ನು ಮರೆಯಾಯಿತು. ಗುರುತಿನ ಸಾಕ್ಷಿಯೆಂದು ನಾವು ಎತ್ತಿ ತೋರಿಸುವ ಫೋಟೊ ಅರ್ಧ ಉಡುಪನ್ನಷ್ಟೇ ತೋರಿಸುತ್ತದೆ. ಒಡಿಕತ್ತಿಯನ್ನು ತೋರಿಸಲೇಬೇಕೆಂದಾಗ ಅದನ್ನು ಬೆನ್ನಿನಿಂದ ತೆಗೆದು ಕೈಗೆ ಕೊಟ್ಟು ಎತ್ತಿ ಹಿಡಿಸಬೇಕಾಯಿತು. ಪದಕದ ಮೇಲಿನ ಯೋಧನದೂ ಇದೇ ಭಂಗಿ.

ಮದುವೆಯ ದಿನ ವರ ತೊಡುವ ಬಿಳಿ ಕುಪ್ಯದ ಅರ್ಥ ಗೊತ್ತಿಲ್ಲದವರು ಇಂದು ಪ್ರವಾಸಿ ತಾಣಗಳಲ್ಲಿ ಬಾಡಿಗೆಯ ಕುಪ್ಯಚೇಲೆ ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಹೋಟೆಲಿನ ಬಾಗಿಲು ಕಾಯುವ ಸಿಬ್ಬಂದಿಗೆ ಆ ಉಡುಪು ತೊಡಿಸಿದಾಗ ಕೊಡವರು ಆಕ್ಷೇಪಿಸಿದ್ದು ಸಹಜ. ಬಾಳೋಪಾಟ್ ಹಾಡುತ್ತ ಊರ ಹಬ್ಬದ ಬಯಲಾದ ಮಂದ್‌ಗೆ ಹೋಗುವಾಗ ತೊಡುವ ಬಟ್ಟೆ ಗ್ರಾಹಕರ ಸ್ವಾಗತಕ್ಕೆ ಸಮವಸ್ತ್ರವಾದರೆ ಯಾರಿಗೆ ನೋವಾಗುವುದಿಲ್ಲ? ಉಡುಪಿನ ಬಗೆಗಿನ ಇಷ್ಟೆಲ್ಲ ಉದ್ವೇಗದ ಹಿಂದೆ ಕಿರಿದಾಗುತ್ತಿರುವ ಸಮುದಾಯವೊಂದರ ಭಯವಿದೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಕೊಡವ ಭಾಷೆಯನ್ನು ಮಾತೃಭಾಷೆಯೆಂದು ದೇಶದಾದ್ಯಂತ ಬರೆಸಿದವರು 1,13,857 ಮಂದಿ. ತಮ್ಮದೇ ನೆಲದಲ್ಲಿ ಅಲ್ಪಸಂಖ್ಯಾತರಾದವರು ಫೋಟೊವನ್ನು ಗಟ್ಟಿಯಾಗಿ ಅಪ್ಪಿಕೊಳ್ಳುವುದು ನನಗೆ ಅರ್ಥವಾಗುತ್ತದೆ. ಆದರೆ ಅದೇ ಭಯ ಅರೆಭಾಷೆ ಆಡುವ ಗೌಡರಿಗೂ ಇದೆ, ಆದಿವಾಸಿಗಳಾದ ಯರವರಿಗೂ ಇದೆ. ಒಬ್ಬರ ಫೋಟೊ ಇನ್ನೊಬ್ಬರ ಬಾಯಿ ಮುಚ್ಚಿಸುವ ಆಯುಧವಾಗಬಾರದು.

ಕಟ್ಟಿದ ಚಿತ್ರವನ್ನು ನೋಡುವ ಬಗೆ ಕೊಡಗಿನವರಿಗೆ ಗೊತ್ತಿಲ್ಲವೆಂದಲ್ಲ. ಬಹಳ ಚೆನ್ನಾಗಿ ಗೊತ್ತಿದೆ. ವಿಜಯದಶಮಿಯ ರಾತ್ರಿ ಮಡಿಕೇರಿಗೆ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ನಗರದ ಹತ್ತು ದೇವಾಲಯಗಳ ದಶಮಂಟಪಗಳು ಒಂದೊಂದೂ ಒಂದು ಪುರಾಣ ಪ್ರಸಂಗವನ್ನು ಹೊತ್ತು ಹೊರಡುತ್ತವೆ. ಟ್ರ್ಯಾಕ್ಟರ್‌ಗಳ ಮೇಲೆ ಕಬ್ಬಿಣದ ಚೌಕಟ್ಟು, ಅದಕ್ಕೆ ಅಳವಡಿಸಿದ ಆಳೆತ್ತರದ ಮೂರ್ತಿಗಳು, ಕೈಕಾಲು ಆಡಿಸುವ ಯಂತ್ರ, ಹಿಂದೆ ಗುಡುಗುವ ಜನರೇಟರ್, ಹೊಗೆ, ಬಣ್ಣದ ಬೆಳಕು. ರಾಕ್ಷಸನ ತಲೆ ಹಾರುವ ಗಳಿಗೆಗೆ ರಸ್ತೆಯ ಇಕ್ಕೆಲದ ಜನ ಉಸಿರು ಬಿಗಿಹಿಡಿಯುತ್ತಾರೆ. ವಾರಗಟ್ಟಲೆ ಮೊದಲಿಂದ ಬೆಸುಗೆ ಹಾಕಿದವರು, ಬಣ್ಣ ಬಳಿದವರು, ವಂತಿಗೆ ಎತ್ತಿದವರು ಅದೇ ಗುಂಪಿನಲ್ಲಿ ನಿಂತಿರುತ್ತಾರೆ. ಈ ದೇವಿಯನ್ನು ಯಾವ ಶೆಡ್ಡಿನಲ್ಲಿ ಕಟ್ಟಿದರೆಂದು ಅವರಿಗೆ ಗೊತ್ತು. ಆದರೂ ಮಂಟಪ ಎದುರಾದಾಗ ಕೈ ತಾನಾಗಿ ಜೋಡಣೆಯಾಗುತ್ತದೆ. ಯಾವ ಮಂಟಪಕ್ಕೆ ಬಹುಮಾನ ಬರಬೇಕು, ಯಾರ ಕಥಾವಸ್ತು ಸಪ್ಪೆ, ಯಾರ ಬೆಳಕು ಚೆನ್ನ ಎಂದು ಬೆಳಗಿನ ಜಾವದವರೆಗೆ ವಾದವೂ ನಡೆಯುತ್ತದೆ.

ಪುಷ್ಪಮಾಲಾ ತಮ್ಮ ಚಿತ್ರಗಳಲ್ಲಿ ಕೇಳುವುದು ಈ ಬಗೆಯ ನೋಟವನ್ನೇ. ಭಕ್ತಿಯನ್ನೂ ವಿಮರ್ಶೆಯನ್ನೂ ಒಟ್ಟಿಗೆ ಹಿಡಿದ ನೋಟ ಅದು. ದಶಮಂಟಪದ ಮುಂದೆ ನಾವು ಸಲೀಸಾಗಿ ಮಾಡುವ ಈ ಕೆಲಸವನ್ನು ಫೋಟೊದ ಮುಂದೆ ಮಾಡುವುದಿಲ್ಲ. ಫೋಟೊ ಯಂತ್ರದಿಂದ ಬಂದದ್ದು, ಹಾಗಾಗಿ ಸುಳ್ಳಾಡದು ಎಂಬ ನಂಬಿಕೆ ನಮ್ಮಲ್ಲಿ ಇಳಿದುಬಿಟ್ಟಿದೆ. ತುಲಾ ಸಂಕ್ರಮಣದಂದು ತಲಕಾವೇರಿಯ ಬ್ರಹ್ಮಕುಂಡಿಕೆಯ ಸುತ್ತ ನಡೆಯುವುದನ್ನೇ ನೋಡಿ. ತೀರ್ಥೋದ್ಭವದ ಗಳಿಗೆಗೆ ಕ್ಯಾಮೆರಾಗಳು ಕಿಕ್ಕಿರಿಯುತ್ತವೆ. ಆ ಕ್ಷಣದಲ್ಲಿ ಚಿತ್ರಕ್ಕೆ ಸಿಗುವುದು ಅರ್ಚಕರ ಕೈ, ಕುಂಕುಮದ ನೀರು, ಎರಚಿದ ತೀರ್ಥ, ಚಾಚಿದ ಬಿಂದಿಗೆಗಳು. ನೀರು ಉಕ್ಕಿತೇ ಇಲ್ಲವೇ ಎಂದು ಫೋಟೊ ಹಿಗ್ಗಿಸಿ ಹುಡುಕುವವರನ್ನು ಕಂಡಾಗ ನನಗೆ ದುಃಖವಾಗುತ್ತದೆ. ತಲೆಮಾರುಗಳಿಂದ ಜನ ಬೆಟ್ಟ ಹತ್ತಿ ಬಂದದ್ದು ಪುರಾವೆ ಹುಡುಕಿಕೊಂಡಲ್ಲ. ಕಾವೇರಿ ಮನೆಮಗಳೂ ತಾಯಿಯೂ ಆಗಿ ಬರುತ್ತಾಳೆ, ಅವಳನ್ನು ಬರಮಾಡಿಕೊಳ್ಳಬೇಕು ಎಂಬ ಕಾರಣಕ್ಕೆ. ಪುರಾಣವನ್ನು ಫೋಟೊದ ಪರೀಕ್ಷೆಗೆ ಒಡ್ಡಿದರೆ ಪುರಾಣಕ್ಕೂ ಅನ್ಯಾಯ, ಫೋಟೊಕ್ಕೂ ಅನ್ಯಾಯ.

ರಾಷ್ಟ್ರದ ಚಿತ್ರದಲ್ಲಿ ಕೊಡಗಿಗೆ ಒಂದು ಖಾಯಂ ಜಾಗವಿದೆ, ಅದು ಸೈನಿಕನ ಜಾಗ. 1949ರ ಜನವರಿ 15ರಂದು ಕೆ.ಎಂ. ಕಾರ್ಯಪ್ಪ ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನ ಇಂದಿಗೂ ಸೇನಾ ದಿನ. ಕೆ.ಎಸ್. ತಿಮ್ಮಯ್ಯ 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದರು. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮಡಿಕೇರಿಯ ವೃತ್ತಗಳನ್ನು ದಾಟುತ್ತ ಹೋದರೆ ಸಮವಸ್ತ್ರದ ಪ್ರತಿಮೆಗಳೇ ಎದುರಾಗುತ್ತವೆ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಯಲ್ಲಿ ವೀರಮರಣ ಹೊಂದಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ ತಡವಾಗಿ. ಇವರ ಫೋಟೊಗಳನ್ನು ಕೊಡಗಿನ ಮನೆಮನೆಯಲ್ಲಿ ತೂಗುಹಾಕುವುದರಲ್ಲಿ ಹೆಮ್ಮೆಪಡಬೇಕಾದದ್ದು ಬೇಕಾದಷ್ಟಿದೆ.

ಕೋವಿಯ ಚಿತ್ರಕ್ಕೂ ಇಷ್ಟೇ ಉದ್ದದ ಚರಿತ್ರೆಯಿದೆ. 1861ರಿಂದ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಹೊರಗಿನ ಪತ್ರಿಕೆಗಳಿಗೆ ಸೆಪ್ಟೆಂಬರ್ ಬಂತೆಂದರೆ ಕೈಲ್‌ಪೊಳ್ದ್‌ನ ಕೋವಿಪೂಜೆಯ ಫೋಟೊ ಬೇಕು. ಆದರೆ ಅದು ನಾಟಿ ಕೆಲಸ ಮುಗಿದ ನಂತರದ ಹಬ್ಬ. ಆಯುಧದೊಂದಿಗೆ ನೇಗಿಲು ನೊಗಗಳೂ ಪೂಜೆಗೆ ಸಲ್ಲುವ ಹಬ್ಬ. ಕೆಸರಿನಲ್ಲಿ ದುಡಿದ ಕೈ ಫೋಟೊದಿಂದ ಜಾರಿಹೋಗಿ ಕೋವಿ ಹಿಡಿದ ಕೈ ಮಾತ್ರ ಉಳಿಯಿತು. 2016ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರದ ವಿಷಯ ಕೊಡಗಿನ ಕಾಫಿ. ರಾಜಪಥದಲ್ಲಿ ಸಾಗಿದ ಆ ಚಿತ್ರ ಚೆಲುವಾಗಿತ್ತು. ಅದೂ ಒಂದು ಮಂಟಪವೇ, ಅದರ ಉಸ್ತುವಾರಿ ರಾಷ್ಟ್ರದ್ದು ಅಷ್ಟೆ. ದೇಶಕ್ಕೆ ಕೊಡಗು ಹೀಗೆ ಎರಡೇ ರೂಪದಲ್ಲಿ ಕಾಣುತ್ತದೆ: ಗಡಿ ಕಾಯುವ ಯೋಧ, ಮಂಜು ಮುಸುಕಿದ ಕಾಫಿ ತೋಟ.

ತೋಟದೊಳಗೆ ಕಾಫಿ ಕುಯ್ಯುವವರಿಗೆ ಈ ಎರಡರಲ್ಲೂ ಮುಖವಿಲ್ಲ. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ತಲೆಯೆತ್ತಿದಂದಿನಿಂದ ಇಂದಿನವರೆಗೆ ತೋಟದ ಫೋಟೊಗಳಲ್ಲಿ ಅವರು ಇದ್ದಾರೆ, ಆದರೆ ‘ಕಾರ್ಮಿಕರು’ ಎಂಬ ಒಂದೇ ಪದದಲ್ಲಿ. ಯರವರು, ಜೇನುಕುರುಬರು, ಬೆಟ್ಟಕುರುಬರು ವಸಾಹತು ಕಾಲದ ಪುಸ್ತಕಗಳಲ್ಲಿ ‘ಮಾದರಿ’ಗಳಾಗಿ ನಿಂತವರು. ಈಗ ಅವರ ಸರದಿ ಬರುವುದು ಮೇ ತಿಂಗಳಿನಲ್ಲಿ, ದೇವರಪುರದ ಕುಂಡೆ ಹಬ್ಬದಂದು. ಬೇಟೆಗೆ ಕರೆತಂದ ದೇವರು ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲೇ ಬಿಟ್ಟ ಎಂಬ ಸಿಟ್ಟಿಗೆ ಅಂದು ದೇವರನ್ನೇ ಬಾಯ್ತುಂಬ ಬೈಯುವ ಹಬ್ಬ ಅದು. ಹೆಣ್ಣುವೇಷ, ಮುಖಕ್ಕೆ ಬಳಿದ ಬಣ್ಣ, ಬಡಿಯಲು ಪ್ಲಾಸ್ಟಿಕ್ ಡಬ್ಬ. ಕ್ಯಾಮೆರಾ ಹೊತ್ತವರಿಗೆ ಸುಗ್ಗಿ. ವರ್ಷದ ಒಂದು ದಿನ ಅವರು ತಾವಾಗಿ ತೊಡುವ ವೇಷ, ಪತ್ರಿಕೆಗಳಲ್ಲಿ ವರ್ಷವಿಡೀ ಅವರ ಮುಖವಾಗಿ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಕುಂಡೆ ಹಬ್ಬವೇ ಕೊಡಗಿನ ಅತ್ಯಂತ ದಿಟ್ಟವಾದ ರಂಗಪ್ರಯೋಗ. ದೇವರು, ಒಡೆಯ, ಅಂಗಡಿಯವ, ಪ್ರವಾಸಿ ಯಾರನ್ನೂ ಬಿಡದೆ ಪ್ರಶ್ನಿಸುವ ಜನರನ್ನು ‘ವಿಚಿತ್ರ ಆಚರಣೆ’ ಎಂಬ ಶೀರ್ಷಿಕೆಯಡಿ ಅಚ್ಚುಹಾಕುವುದು ಅವರ ಮಾತನ್ನು ಕಿತ್ತುಕೊಂಡಂತೆ.

ಅವರಿಗೆ ಸಾಕ್ಷ್ಯದ ಅಗತ್ಯ ಉಳಿದ ಎಲ್ಲರಿಗಿಂತ ಹೆಚ್ಚು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. 2025ರ ಮೇ ತಿಂಗಳಿನಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ‘ಇದು ನಮ್ಮ ಹಿರಿಯರ ಜಾಗ’ ಎಂದು ಮರಳಿ ಹೋಗಿ ಕೂತವು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಹಕ್ಕು ಸಾಬೀತುಪಡಿಸಲು ಗೆಜೆಟಿಯರ್, ಜನಗಣತಿ, ನಕಾಶೆಗಳ ಜೊತೆಗೆ ಸಮಾಧಿ, ಪವಿತ್ರ ಸ್ಥಳಗಳಂಥ ಗುರುತುಗಳನ್ನೂ ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಒಪ್ಪಲು ಅವಕಾಶವಿದೆ. ಅಂದರೆ, ಒಂದು ಕಾಲದಲ್ಲಿ ಜೇನುಕುರುಬರನ್ನು ಹೆಸರಿಲ್ಲದ ‘ಮಾದರಿ’ಯಾಗಿಸಿದ ಕಡತವೇ ಇಂದು, ಅವರು ಆ ಕಾಡಿನಲ್ಲಿದ್ದರೆಂದು ಅವರ ಮೊಮ್ಮಕ್ಕಳು ತೋರಿಸುವ ಕಾಗದವೂ ಆಗಬಲ್ಲದು. ಈ ಕಾರಣಕ್ಕೆ ಹಳೆಯ ಚಿತ್ರಗಳನ್ನು ‘ವಸಾಹತುಶಾಹಿ ಕಸ’ ಎಂದು ಬಿಸಾಡುವ ವಾದವನ್ನು ನಾನು ಒಪ್ಪುವುದಿಲ್ಲ. ತೆಗೆದವರ ಉದ್ದೇಶ ಒಂದಿತ್ತು. ನಾವು ಅದನ್ನು ಬೇರೆ ಉದ್ದೇಶಕ್ಕೆ ಓದಬಹುದು, ಓದಬೇಕು.

ಚಿತ್ರಗಳೇ ಇಲ್ಲದ ಚರಿತ್ರೆಯಲ್ಲಿ ಅಪಾಯ ಬೇರೆ ಬಗೆಯದು. ಟಿಪ್ಪುವಿನ ಕಾಲದಲ್ಲಿ ದೇವಟ್‌ಪರಂಬುವಿನಲ್ಲಿ ನಡೆದ ಹತ್ಯೆಯ ನೆನಪು ಕೊಡವರಲ್ಲಿ ಇಂದಿಗೂ ಹಸಿ ಗಾಯ. ಎಷ್ಟು ಜನ ಸತ್ತರು, ಎಷ್ಟು ಜನರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು ಎಂಬ ಸಂಖ್ಯೆಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ವಿರೋಧದ ಗಲಭೆಯಲ್ಲಿ ಮಡಿಕೇರಿ ರಕ್ತ ಕಂಡಿತು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ನಾಲ್ಕು ಸಾಲು ಬರೆದುಕೊಟ್ಟರೆ ಹದಿನೆಂಟನೇ ಶತಮಾನದ ಯಾವ ಘಟನೆಗೂ ಫೋಟೊದಂತೆ ತೋರುವ ಚಿತ್ರ ಸಿದ್ಧ. ಪುಷ್ಪಮಾಲಾ ಅವರ ಚಿತ್ರ ‘ನನ್ನನ್ನು ಕಟ್ಟಲಾಗಿದೆ, ನೋಡಿ’ ಎಂದು ಬಾಯಿಬಿಟ್ಟು ಹೇಳುತ್ತದೆ. ತಂತ್ರಾಂಶದ ಚಿತ್ರ ಅದನ್ನೇ ಮುಚ್ಚಿಡುತ್ತದೆ. ಎರಡೂ ಕಲ್ಪಿತವೇ, ಆದರೆ ಒಂದು ನಮ್ಮ ಕಣ್ಣನ್ನು ಚುರುಕಾಗಿಸುತ್ತದೆ, ಇನ್ನೊಂದು ಗಾಯಕ್ಕೆ ಉಪ್ಪು ಸವರುತ್ತದೆ. ಅಂಥ ಚಿತ್ರ ಮೊಬೈಲಿಗೆ ಬಂದಾಗ ಮುಂದಕ್ಕೆ ಕಳಿಸುವವರು ಒಂದು ನಿಮಿಷ ನಿಲ್ಲಲಿ ಎಂದು ನಾನು ಬೇಡಿಕೊಳ್ಳುತ್ತೇನೆ. ಈ ಊರಿನಲ್ಲಿ ನಾವೆಲ್ಲ ನಾಳೆಯೂ ಒಂದೇ ಸಂತೆಗೆ ಹೋಗಬೇಕಾದವರು.

ಮಾಡಬೇಕಾದ ಕೆಲಸದ ದಾರಿಯನ್ನು ಕೊಡಗಿನವರೇ ತೋರಿಸಿದ್ದಾರೆ. ನಡಿಕೇರಿಯಂಡ ಚಿಣ್ಣಪ್ಪ ಊರೂರು ಸುತ್ತಿ ಸಂಗ್ರಹಿಸಿದ ಕೊಡವ ಹಾಡು, ಆಚಾರಗಳ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾಯಿತು. ಬೇರೆಯವರು ನಮ್ಮನ್ನು ಬರೆದಿಟ್ಟ ಕಾಲದಲ್ಲಿ ನಾವೇ ನಮ್ಮನ್ನು ಬರೆದುಕೊಂಡ ಪುಸ್ತಕ ಅದು. ಅದನ್ನು ಇಂಗ್ಲಿಷಿಗೆ ತಂದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಮುಂದೆ ಕೊಡಗಿನ ಐನ್‌ಮನೆಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸಿದರು. ಕೊಡವರ ಮನೆಗಳಿಗೇ ನಿಲ್ಲದೆ, ಐನ್‌ಮನೆ ಇರುವ ಇತರ ಸಮುದಾಯಗಳ ಮನೆಗಳಿಗೂ ಹೋದರು. ಚೌಕಟ್ಟನ್ನು ಅಗಲ ಮಾಡುವುದೆಂದರೆ ಇದೇ.

ಫೋಟೊಗಳ ವಿಷಯದಲ್ಲಿ ಅಂಥ ಕೆಲಸ ಇನ್ನೂ ನಡೆಯಬೇಕಿದೆ, ಕಾಲಾವಕಾಶವೂ ಕಡಿಮೆ. ಕೊಡಗಿನ ಮಳೆಗಾಲದ ಶೀತಕ್ಕೆ ಹಳೆಯ ಫೋಟೊ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆಗಳು ಮಣ್ಣಾದಾಗ ಗೋಡೆಯ ಮೇಲಿದ್ದ ಹಿರಿಯರೂ ಮಣ್ಣಾದರು. ಬ್ರಿಟಿಷರ ಸಂಗ್ರಹದಲ್ಲಿ, ಬಾಸೆಲ್ ಮಿಶನ್ನಿನ ದಾಖಲೆಗಳಲ್ಲಿ ಇರುವ ಚಿತ್ರಗಳು ಅಂತರ್ಜಾಲದಲ್ಲಿ ಭದ್ರವಾಗಿವೆ. ನಮ್ಮ ಗೋಡೆಗಳ ಮೇಲಿರುವವು ಭದ್ರವಾಗಿಲ್ಲ. ಕೊಡವ ಸಾಹಿತ್ಯ ಅಕಾಡೆಮಿಯೂ ಅರೆಭಾಷೆ ಅಕಾಡೆಮಿಯೂ ಒಟ್ಟಾಗಿ ಕೂತು ಮನೆಮನೆಯ ಫೋಟೊಗಳ ಪ್ರತಿ ತೆಗೆಸುವ ಕೆಲಸ ಹಿಡಿಯಬಹುದು. ಆದಿವಾಸಿಗಳ ಹಾಡಿಗಳಿಗೂ ತೋಟದ ಕಾರ್ಮಿಕರ ಲೈನ್‌ಮನೆಗಳಿಗೂ ಅದೇ ತಂಡ ಹೋಗಬೇಕು. ಪ್ರತಿ ಚಿತ್ರದ ಕೆಳಗೆ ಬರೆಯಬೇಕಾದದ್ದು ನಾಲ್ಕು ಸಂಗತಿ: ನಿಂತವರ ಹೆಸರು, ತೆಗೆದವರು ಯಾರು, ಆ ದಿನ ಆ ಉಡುಪು ತೊಟ್ಟದ್ದು ಯಾತಕ್ಕೆ, ಚಿತ್ರದಲ್ಲಿ ಯಾರು ಬಿಟ್ಟುಹೋಗಿದ್ದಾರೆ. ಐನ್‌ಮನೆಯ ಗುಂಪುಚಿತ್ರದ ಅಂಚಿನಲ್ಲಿ ನಾಯಿಯ ಹಗ್ಗ ಹಿಡಿದು ನಿಂತ ಹುಡುಗನ ಹೆಸರು ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ. ಈ ಮಳೆಗಾಲಕ್ಕೆ ಮೊದಲೇ ಅವರನ್ನು ಕೇಳಬೇಕು.